ಜಾಝ್ ಮನೋಧರ್ಮದ ಶಿಕ್ಷಣಕ್ರಮ

ಜಾಝ್ ಸಂಗೀತದ ಪ್ರಾಥಮಿಕ ಪಾಠಗಳನ್ನು ಮುಗಿಸಿ ಮನೋಧರ್ಮದ ಪ್ರೌಢಾಭ್ಯಾಸಕ್ಕೆ ತೊಡಗುವ ವಿದ್ಯಾರ್ಥಿಗೆ ಅಮೆರಿಕದ ಸಂಗೀತ ವಿದ್ಯಾಲಯಗಳು ಸಾಮಾನ್ಯವಾಗಿ ಬೋಧಿಸುವ ಕ್ರಮವೆಂದರೆ, ರಚನೆಯಲ್ಲಿ ಬರುವ ಪ್ರತಿಯೊಂದು ಸ್ವರಮೇಳಕ್ಕೂ ಒಪ್ಪುವ ಸ್ವರಶ್ರೇಣಿಯನ್ನು ಗುರುತಿಸಿಕೊಂಡು, ಆ ಶ್ರೇಣಿಯ ಮೇರೆಯೊಳಗೆ ಕಲ್ಪನೆಯನ್ನು ವಿಸ್ತರಿಸುವುದು. 1953ರಲ್ಲಿ ಜಾರ್ಜ್ ರಸೆಲನು ಮಂಡಿಸಿದ ಲಿಡಿಯನ್ ಕ್ರೊಮ್ಯಾಟಿಕ್ ಸಿದ್ಧಾಂತವು ಈ ವಿಚಾರಕ್ಕೆ ದಾರಿ ತೆರೆಯಿತು. ಇದರಿಂದ ವಾದಕನಿಗೆ ಅಪಸ್ವರದ ಭಯ ನೀಗುವುದೆಂಬುದು ದಿಟ. ಆದರೆ ಅವನು ಹೇಳಬೇಕಾದ ಮಾತನ್ನು ಯಾವ ಶ್ರೇಣಿಯೂ ಒದಗಿಸಿಕೊಡಲಾರದು.

ಜಾನ್ ಕೋಲ್ಟ್ರೇನನು 1959ರ ಮೇ ತಿಂಗಳಲ್ಲಿ ಧ್ವನಿಮುದ್ರಿಸಿದ ‘ಜೈಂಟ್ ಸ್ಟೆಪ್ಸ್’ ಎಂಬ ರಚನೆಯನ್ನು ಕಿವಿಗೊಟ್ಟು ಕೇಳಿದವರಿಗೆ ಇದು ಸ್ಪಷ್ಟವಾದೀತು. 16 ಬಾರ್‌ಗಳ ಆ ಚಿಕ್ಕ ಆವರ್ತನದಲ್ಲಿ ಬಿ, ಜಿ, ಇ ಫ್ಲಾಟ್ ಎಂಬ ಮೂರು ಆಧಾರಶ್ರುತಿಗಳು, ಪರಸ್ಪರ ಅಂತರ ಗಾಂಧಾರದಷ್ಟು ದೂರದಲ್ಲಿ ನಿಂತು, ಉಸಿರಾಡುವುದಕ್ಕೂ ಎಡೆಗೊಡದ ವೇಗದಲ್ಲಿ ಒಂದನ್ನೊಂದು ಸ್ಥಾನಪಲ್ಲಟಗೊಳಿಸುತ್ತವೆ. ಕೋಲ್ಟ್ರೇನನು ಆ ಮಾರ್ಗವನ್ನು ಮೊದಲೇ ಸಾಧಿಸಿದ್ದನು. ನಮ್ಮ ಪರಿಭಾಷೆಯಲ್ಲಿ ‘ಸರಿಗಪ’ ಎನ್ನಬಹುದಾದ ನಾಲ್ಕು ಸ್ವರಗಳ ಒಂದು ಪ್ರಯೋಗವು ಶ್ರುತಿಯಿಂದ ಶ್ರುತಿಗೆ ಸಾಗುತ್ತ ಅವನ ವಾದನದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಹೀಗೆಂದರೆ ಅವನ ಮಹಿಮೆಗೆ ಕುಂದಿಲ್ಲ. ಅಭ್ಯಾಸದಿಂದ ಮೈಗೂಡಿದುದೇ ಅಲ್ಲಿ ಆವೇಶವಾಗಿ ಹೊಮ್ಮುತ್ತಿದೆ. ಅವನ ಬಳಿಕ ಸರದಿ ಬಂದಾಗ, ಅಂಥ ವೇಗವನ್ನು ನಿರೀಕ್ಷಿಸಿರದ ಪಿಯಾನೋ ವಾದಕ ಟಾಮಿ ಫ್ಲ್ಯಾನಗನನು ಬಿಡಿಸ್ವರಗಳ ಸಾಲೊಂದನ್ನು ಹೆಣೆಯಲು ಹೊರಟು, ನಡುನಡುವೆ ತಡೆದು, ಕಡೆಗೆ ಬರಿಯ ಸ್ವರಮೇಳಗಳನ್ನೊತ್ತಿ ಸುಮ್ಮನಾಗುತ್ತಾನೆ. ಶಾಸ್ತ್ರಜ್ಞಾನದಲ್ಲಿ ಅವನಿಗೆ ಯಾವ ಕೊರತೆಯೂ ಇರಲಿಲ್ಲ. ಇರದಿದ್ದುದು ಆ ಹಾದಿಯೊಡನೆ ಕಿವಿಗಿರಬೇಕಾದ ಸಲುಗೆ. 1982ರಲ್ಲಿ ಅದೇ ರಚನೆಯನ್ನು ಅವನು ತನ್ನ ತಂಡದೊಡನೆ ಮುದ್ರಿಸಿದಾಗ ಆ ಸಲುಗೆ ಪ್ರತಿ ಪಂಕ್ತಿಯಲ್ಲಿಯೂ ಕಾಣುತ್ತದೆ. ಈ ಎರಡು ಮುದ್ರಣಗಳನ್ನು ಒಂದರ ಹಿಂದೊಂದು ಕೇಳುವುದಕ್ಕಿಂತ ಮಿಗಿಲಾದ ಪಾಠವು ವಿದ್ಯಾರ್ಥಿಗೆ ದೊರೆಯುವುದು ಅಪರೂಪ.

ಈ ಕಾರಣದಿಂದಲೇ ನ್ಯೂಯಾರ್ಕಿನ ಅಂಧ ವಾದಕ ಲೆನಿ ಟ್ರಿಸ್ಟಾನೊನ ಬೋಧನಾಕ್ರಮವನ್ನು ನಾನು ಶ್ರೇಷ್ಠವೆಂದೆಣಿಸುತ್ತೇನೆ. ಲೆಸ್ಟರ್ ಯಂಗನಂಥವರ ವಾದನವನ್ನು ಗ್ರಾಮಫೋನ್ ತಟ್ಟೆಯಿಂದ ಕೇಳಿ, ಉಸಿರು, ಒತ್ತು, ಮೌನಗಳ ಸಮೇತ ಬಾಯಲ್ಲಿ ಹಾಡಿ ಒಪ್ಪಿಸಿದ ಮೇಲೆಯೇ ಶಿಷ್ಯನು ವಾದ್ಯವನ್ನು ಮುಟ್ಟಬೇಕೆಂಬುದು ಅಲ್ಲಿಯ ನಿಯಮ. ಇದರಲ್ಲಿ ಕಾಲವ್ಯಯವುಂಟು, ಅನುಕರಣೆಯ ಅಪಾಯವೂ ಉಂಟು. ಆದರೂ ಈ ಮಾರ್ಗದಲ್ಲಿ ಬೆಳೆದ ಲೀ ಕೊನಿಟ್ಸನು, ಚಾರ್ಲಿ ಪಾರ್ಕರನ ಪ್ರಭಾವದಿಂದ ಆಲ್ಟೊ ಸ್ಯಾಕ್ಸೊಫೋನ್ ವಾದಕರು ತಪ್ಪಿಸಿಕೊಳ್ಳಲಾರದೆ ಹೋದ ಕಾಲದಲ್ಲಿ, ತನ್ನದೇ ಆದ ನಾದವನ್ನು ಉಳಿಸಿಕೊಂಡನು.

ಕಲಿಯಬಯಸುವವರು 1936ರಲ್ಲಿ ಯಂಗನು ನುಡಿಸಿದ ‘ಲೇಡಿ ಬಿ ಗುಡ್’ ಮುದ್ರಣದ ಎರಡು ಆವರ್ತನಗಳನ್ನು ಮೊದಲು ಕಂಠಸ್ಥ ಮಾಡಿ ಹಾಡಲಿ. ಸ್ವರಶ್ರೇಣಿಗಳ ಪಟ್ಟಿಯನ್ನು ಆಮೇಲೆ ತೆರೆದರೆ ಸಾಕು.