ಚೋಮನ ಎತ್ತುಗಳನ್ನು ಎಲ್ಲಿ ಕಟ್ಟೋಣ?

ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಬಂತು. ಅದಕ್ಕೆ ಇವತ್ತು ಹೊಸ ಮುಖಪುಟ ಬರೆಯಲು ಕೂತ ಕಲಾವಿದನ ಕೈ ಮೊದಲು ಹೋಗುವುದು ದುಡಿಯ ಕಡೆಗೇ. ಕರಿ ಮೈ, ಎದ್ದ ಪಕ್ಕೆಲುಬು, ಕೈಯಲ್ಲಿ ದುಡಿ, ಹಿಂದೆ ಒಂದಿಷ್ಟು ಕೆಂಪು ಬಣ್ಣ. ಮುಗೀತು! ಇಂಥ ಚಿತ್ರ ನೋಡಲು ಚೆಂದವೇ ಇರಬಹುದು. ಆದರೆ ಬಾರಿಸುವ ಚೋಮನನ್ನು ತೋರಿಸುತ್ತ ಅದು ಉಳಬೇಕೆಂದ ಚೋಮನನ್ನು ಮರೆಸುತ್ತದೆ. ನಮ್ಮ ತಕರಾರು ಇಲ್ಲಿದೆ.

ಚೋಮ ಕೇಳಿದ್ದೇನು? ಒಂದು ತುಂಡು ಭೂಮಿ. ಎರಡು ಎತ್ತು ಅವನಲ್ಲಿವೆ, ಹೂಡಲು ಗದ್ದೆಯಿಲ್ಲ. ಹೊಲೆಯ ಒಕ್ಕಲಾಗಬಾರದೆಂಬ ಊರ ಕಟ್ಟಳೆ ಅವನನ್ನು ಸಂಕಪ್ಪಯ್ಯನ ಅಂಗಳದಲ್ಲೇ ನಿಲ್ಲಿಸುತ್ತದೆ. ಕಾಫಿ ತೋಟದ ಸಾಲ ಬೆಳ್ಳಿಯ ಮೈಮೇಲೆ ವಸೂಲಾಗುತ್ತದೆ. ನೀಲ ನೀರಲ್ಲಿ ಮುಳುಗುವಾಗ ಮುಟ್ಟಿ ಎತ್ತುವವರಿಲ್ಲ. ಇಷ್ಟೆಲ್ಲ ಆದ ಮೇಲೆ ಬಾಗಿಲು ಮುಚ್ಚಿಕೊಂಡು ಬಾರಿಸಿದ ದುಡಿ ಅದು. ಕಾರಣ ಅಳಿಸಿ ಸದ್ದನ್ನಷ್ಟೇ ಮುಖಪುಟಕ್ಕೆ ಅಂಟಿಸಿದರೆ ನೋವು ಶೃಂಗಾರದ ಸಾಮಾನಾಗುತ್ತದೆ.

1975ರಲ್ಲಿ ಬಿ.ವಿ. ಕಾರಂತರ ಸಿನಿಮಾ ಬಂತು. ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ಬಂತು. ಅವರ ಮುಖವೇ ಚೋಮನ ಮುಖವಾಗಿ ಕಣ್ಣಲ್ಲಿ ಕೂತುಬಿಟ್ಟಿದೆ. ಹೊಸದಾಗಿ ಬರೆಯುವವರು ಆ ಫೋಟೊ ಬದಿಗಿಟ್ಟು ಮತ್ತೆ ಪುಸ್ತಕ ಓದಬೇಕು.

ನಮ್ಮ ದೋರನಹಳ್ಳಿಯಲ್ಲಿ ಕೂತು ಓದಿದರೆ ಆ ಹೆಸರೇ ಬೇರೆಯಾಗಿ ಕೇಳಿಸುತ್ತದೆ. ಶಹಾಪುರ ಸೀಮೆಯ ನಮಗೆ ಗೊತ್ತಿರುವುದು ಹಲಗಿ. ನಡು ಸಣ್ಣಗಿರುವ ಕರಾವಳಿಯ ದುಡಿ ನಮ್ಮ ಕೇರಿಯದಲ್ಲ. ‘ದುಡಿ’ ಅಂದ್ರ ನಮ್ಮ ಮಂದಿಗೆ ಅಪ್ಪಣೆ. ‘ದುಡಿ ಮಗನ, ದುಡಿ’ ಅಂತ ಕಟ್ಟೆಯ ಮೇಲಿಂದ ಬೀಳುವ ಮಾತು. ಒಂದೇ ಹೆಸರಿನಲ್ಲಿ ವಾದ್ಯವೂ ಇದೆ, ದುಡಿತವೂ ಇದೆ. ಕಲಾವಿದ ಒಂದನ್ನೇ ಯಾಕೆ ಕೇಳಿಸಿಕೊಳ್ಳಬೇಕು?

ಹಾಗಂತ ನಮ್ಮ ಹಲಗಿ, ನಮ್ಮ ಎರೆ ಹೊಲ, ನಮ್ಮ ದೊಡ್ಡ ಕೊಂಬಿನ ಎತ್ತುಗಳನ್ನು ಅಲ್ಲಿ ಒಯ್ದು ನಿಲ್ಲಿಸಬಾರದು. ಅಲ್ಲಿಯವು ಗಿಡ್ಡ ಎತ್ತು, ಕೆಸರು ಗದ್ದೆ. ಚಿತ್ರ ಆ ಮಣ್ಣಿಗೆ ನಿಯತ್ತಾಗಿರಲಿ. ಪ್ರಶ್ನೆ ಮಾತ್ರ ಎರಡೂ ಕಡೆಯದು.

ಆ ಪ್ರಶ್ನೆ ಇನ್ನೂ ಮುಗಿದಿಲ್ಲ. 1974ರ ಭೂಸುಧಾರಣೆ ತಿದ್ದುಪಡಿ ಉಳುವ ಗೇಣಿದಾರನಿಗೆ ಭೂಮಿ ಎಂದಿತು. ಚೋಮನಂಥವನನ್ನು ಗೇಣಿದಾರನಾಗಲು ಬಿಟ್ಟವರು ಯಾರು? 1976ರ ಕಾಯ್ದೆ ಜೀತ ರದ್ದು ಮಾಡಿತು, ಜೀತದ ಸಾಲ ಅಳಿಸಿತು. ಜೀತ ಬಿಟ್ಟವನು ಎತ್ತು ಹೊಡಕೊಂಡು ಯಾರ ಹೊಲಕ್ಕೆ ಹೋಗಬೇಕು?

ಆದ್ದರಿಂದ ನಾವು ಬಯಸುವ ಮುಖಪುಟ ಹೀಗಿದೆ. ಗುಡಿಸಲ ಮುಂದೆ ಕಟ್ಟಿದ ಎರಡು ಗಿಡ್ಡ ಎತ್ತು. ಆಚೆ ಹಸಿರು ಗದ್ದೆ. ನಡುವೆ ಒಂದು ಬದು, ಕಪ್ಪು ಗೆರೆಯಾಗಿ. ಎರಡು ಬಣ್ಣ ಸಾಕು. ಬೆಳ್ಳಿಯನ್ನು ಬರೆಯುವುದಾದರೆ ಅವಳ ದುಡಿಯುವ ಕೈ ಬರೆಯಿರಿ, ಮೈ ಬೇಡ. ಕರುಣೆ ಬೇಡುವ ಕಣ್ಣೀರಂತೂ ಬೇಡವೇ ಬೇಡ.

‘ದುಡಿ ಇಲ್ಲದ ಚೋಮ ಚೋಮನೇನ್ರಿ?’ ಎಂದು ಗೆಳೆಯರು ಕೇಳಬಹುದು. ದುಡಿ ಇರಲಿ. ಅದು ಅವನ ಸಿಟ್ಟಿನ ನಾಲಗೆ. ಪುಸ್ತಕದ ಹಿಂಬದಿಯಲ್ಲಿ, ಮುಚ್ಚಿದ ಬಾಗಿಲ ಸಂಗಡ ಇರಲಿ. ಎತ್ತುಗಳನ್ನು ದಾಟಿಯೇ ಓದುಗ ಅಲ್ಲಿಗೆ ಬರಲಿ. ಪುಸ್ತಕ ಕೈಗೆತ್ತಿಕೊಂಡ ಹುಡುಗಿಯೊಬ್ಬಳು ‘ಈ ಎತ್ತು ಗದ್ದ್ಯಾಗ ಯಾಕಿಲ್ರಿ ಸರ್?’ ಅಂತ ಮಾಸ್ತರನ್ನು ಕೇಳಬೇಕು. ಉತ್ತರ ಹೇಳಲು ಮಾಸ್ತರು ನಮ್ಮೂರಿನ ಪಹಣಿಯನ್ನೇ ತೆರೆಯಬೇಕಾದೀತು.