ಪೋರ್ಟ್ ವೈನಿನ ಗುಣನಿರ್ಣಯ: ನಾಲಗೆಯನ್ನು ಎಷ್ಟು ನಂಬಬಹುದು?

ದ್ರವದಲ್ಲಿರುವ ಸಕ್ಕರೆಯನ್ನು ಅಳೆಯಲು ಉಪಕರಣವಿದೆ. ಆಮ್ಲತೆಯನ್ನು ತಿಳಿಯಲು ಟೈಟ್ರೇಷನ್ ಇದೆ. ಆದರೆ ‘ಈ ಪಾನೀಯ ಚೆನ್ನಾಗಿದೆಯೆ?’ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಇಂದಿಗೂ ಮನುಷ್ಯನ ಮೂಗು, ನಾಲಗೆಗಳೇ ಗತಿ. ಹಾಗಾದರೆ ಇಂಥ ತೀರ್ಮಾನವನ್ನು ವೈಜ್ಞಾನಿಕ ಎನ್ನಬಹುದೆ? ಅಥವಾ ‘ಲೋಕೋ ಭಿನ್ನರುಚಿಃ’ ಎಂದು ಕೈಬಿಡಬೇಕೆ? ಇದನ್ನು ಪರಿಶೀಲಿಸಲು ಪೋರ್ಚುಗಲ್ ದೇಶದ ಪೋರ್ಟ್ ವೈನ್, ಅದರಲ್ಲೂ ‘ಲೇಟ್ ಬಾಟಲ್ಡ್ ವಿಂಟೇಜ್’ ಎಂಬ ಬಗೆ, ಒಳ್ಳೆಯ ಉದಾಹರಣೆ. ಸಂಕ್ಷೇಪವಾಗಿ ಇದನ್ನು ಎಲ್‌ಬಿವಿ ಎನ್ನುತ್ತಾರೆ.

ಹೆಸರು ಹೇಳುವುದೇನು?

ಪೋರ್ಟ್ ವೈನಿಗೆ ಬೇಕಾದ ದ್ರಾಕ್ಷಿ ಡೋರೊ ನದಿಯ ಕಣಿವೆಯಲ್ಲಿ ಬೆಳೆಯುತ್ತದೆ. ಈ ಪ್ರದೇಶದ ಎಲ್ಲೆಯನ್ನು 1756ರಷ್ಟು ಹಿಂದೆಯೇ ಕಾನೂನಿನ ಮೂಲಕ ಗುರುತಿಸಲಾಯಿತು. ದ್ರಾಕ್ಷಿರಸ ಹುದುಗುತ್ತಿರುವಾಗಲೇ, ಅದರಲ್ಲಿ ಇನ್ನೂ ಸಾಕಷ್ಟು ಸಕ್ಕರೆ ಉಳಿದಿರುವಂತೆಯೇ, ಶೇಕಡ 77ರಷ್ಟು ಆಲ್ಕೊಹಾಲ್ ಇರುವ ದ್ರಾಕ್ಷಿಯ ಬಟ್ಟಿ ಸಾರವನ್ನು ಬೆರೆಸುತ್ತಾರೆ. ಯೀಸ್ಟ್ ಜೀವಿಗಳು ಸಾಯುತ್ತವೆ, ಹುದುಗುವಿಕೆ ನಿಲ್ಲುತ್ತದೆ. ಹೀಗೆ ಸಿಹಿಯೂ ಆದ, ಸುಮಾರು ಶೇಕಡ 20ರಷ್ಟು ಆಲ್ಕೊಹಾಲ್ ಇರುವ ವೈನ್ ಸಿದ್ಧವಾಗುತ್ತದೆ.

‘ವಿಂಟೇಜ್’ ಎಂದರೆ ಒಂದೇ ವರ್ಷದ ಕೊಯ್ಲಿನದು ಎಂದರ್ಥ. ವಿಂಟೇಜ್ ಪೋರ್ಟ್ ಕೊಯ್ಲಿನ ಎರಡು-ಮೂರು ವರ್ಷಗಳಲ್ಲಿ ಸೀಸೆ ಸೇರುತ್ತದೆ. ಎಲ್‌ಬಿವಿಯನ್ನು ನಾಲ್ಕನೆಯ ವರ್ಷದ ಜುಲೈ 1ರಿಂದ ಆರನೆಯ ವರ್ಷದ ಡಿಸೆಂಬರ್ 31ರ ಒಳಗೆ ಸೀಸೆಗೆ ತುಂಬಬೇಕು. ಅಂದರೆ 2018ರ ಕೊಯ್ಲಿನ ಎಲ್‌ಬಿವಿ 2022ರ ಜುಲೈಗೂ 2024ರ ಡಿಸೆಂಬರಿಗೂ ನಡುವೆ ಸೀಸೆಗೆ ಬಂದಿರಬೇಕು.

ಗಮನಿಸಿ: ಈ ಹೆಸರು ತಿಳಿಸುವುದು ಕಾಲವನ್ನು, ಗುಣವನ್ನಲ್ಲ. ಮಾರಾಟಕ್ಕೆ ಮೊದಲು ಡೋರೊ ಮತ್ತು ಪೋರ್ಟೊ ವೈನ್‌ಗಳ ಸರ್ಕಾರಿ ಸಂಸ್ಥೆಯು ಪ್ರತಿ ಪೋರ್ಟ್ ವೈನನ್ನೂ ಪ್ರಯೋಗಾಲಯದಲ್ಲಿ ವಿಶ್ಲೇಷಿಸುತ್ತದೆ. ತಯಾರಕರ ಹೆಸರು ತಿಳಿಯದ ರುಚಿಪರೀಕ್ಷಕರ ಮುಂದೆಯೂ ಇಡಿಸುತ್ತದೆ. ಆದರೆ ಇದು ತೇರ್ಗಡೆಯ ಅಂಕವಿದ್ದಂತೆ. ಮೂವತ್ತೈದು ಪಡೆದವನೂ ತೊಂಬತ್ತೈದು ಪಡೆದವನೂ ತೇರ್ಗಡೆಯೇ ತಾನೆ? ಉಳಿದದ್ದನ್ನು ನಾಲಗೆಯೇ ಹೇಳಬೇಕು.

ದೊಡ್ಡ ಪೀಪಾಯಿಯ ಗಣಿತ

ಕಾಯುವ ಈ ವರ್ಷಗಳಲ್ಲಿ ಎಲ್‌ಬಿವಿ ಸಾಮಾನ್ಯವಾಗಿ ಬಹು ದೊಡ್ಡ ಮರದ ಪೀಪಾಯಿಗಳಲ್ಲಿರುತ್ತದೆ. ದೊಡ್ಡದೇ ಏಕೆ? ಒಂದೇ ಆಕಾರದ ಎರಡು ಪೀಪಾಯಿಗಳಲ್ಲಿ ಒಂದರ ಎಲ್ಲ ಅಳತೆಗಳೂ ಮತ್ತೊಂದರ ಮೂರು ಪಟ್ಟು ಎಂದುಕೊಳ್ಳಿ. ಅದರ ಮೇಲ್ಮೈ 9 ಪಟ್ಟು ಹೆಚ್ಚುತ್ತದೆ, ಘನಫಲ 27 ಪಟ್ಟು. ಅಂದರೆ ಪ್ರತಿ ಲೀಟರ್ ವೈನಿಗೆ ಸಿಗುವ ಮರದ ಮೇಲ್ಮೈ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮರದ ಮೂಲಕ ಬರುವ ಆಕ್ಸಿಜನ್ ಕಡಿಮೆಯಾಗಿ ಉತ್ಕರ್ಷಣ ನಿಧಾನಗೊಳ್ಳುತ್ತದೆ. ಹಣ್ಣಿನ ಪರಿಮಳವೂ ಕಡುಗೆಂಪು ಬಣ್ಣವೂ ಉಳಿಯುತ್ತವೆ. ಸಣ್ಣ ಪೀಪಾಯಿಯಲ್ಲಿ ಹಲವು ವರ್ಷ ಇಟ್ಟ ‘ಟಾನಿ’ ಎಂಬ ಪೋರ್ಟ್ ಕಂದುಬಣ್ಣಕ್ಕೆ ತಿರುಗಿ, ಒಣಬೀಜಗಳ ವಾಸನೆ ಪಡೆಯುವುದೂ ಇದೇ ಕಾರಣದಿಂದ. ಆದ್ದರಿಂದ ಎಲ್‌ಬಿವಿಯ ಮೊದಲ ಪರೀಕ್ಷೆ ಇದು: ನಾಲ್ಕಾರು ವರ್ಷ ಕಳೆದರೂ ಅದರಲ್ಲಿ ಹಣ್ಣು ಉಳಿದಿದೆಯೆ? ಎಲ್‌ಬಿವಿ ಎಂಬ ಸೀಸೆಯಲ್ಲಿ ಕಂದು ಅಂಚು ಹೆಚ್ಚಾಗಿ ಕಂಡರೆ ಅದು ತನ್ನ ಹೆಸರಿಗೆ ತಕ್ಕಂತಿಲ್ಲ ಎನ್ನಬಹುದು.

ಸೋಸಿದ್ದೊ, ಸೋಸದ್ದೊ?

ಎಲ್‌ಬಿವಿಯಲ್ಲಿ ಎರಡು ಪಂಗಡಗಳಿವೆ. ಒಂದನ್ನು ಸೀಸೆಗೆ ತುಂಬುವ ಮೊದಲು ಸೊನ್ನೆಗಿಂತ ಕೆಳಗಿನ ಉಷ್ಣತೆಗೆ ತಣಿಸಿ ಸೋಸುತ್ತಾರೆ. ಹುಣಸೆಹಣ್ಣಿನಲ್ಲಿಯೂ ಇರುವ ಟಾರ್ಟಾರಿಕ್ ಆಮ್ಲದ ಲವಣಗಳು ಹರಳುಗಟ್ಟಿ ಬೇರೆಯಾಗುತ್ತವೆ. ಅವುಗಳೊಂದಿಗೆ ವರ್ಣಕ ಮತ್ತು ಟ್ಯಾನಿನ್‌ಗಳ ಒಂದು ಪಾಲೂ ಹೋಗುತ್ತದೆ. ಸೀಸೆಯಲ್ಲಿ ಮಡ್ಡಿ ಇರುವುದಿಲ್ಲ; ತೆರೆದು ನೇರವಾಗಿ ಬಗ್ಗಿಸಬಹುದು. ಇನ್ನೊಂದನ್ನು ಸೋಸದೆ ತುಂಬುತ್ತಾರೆ. ಅದರಲ್ಲಿ ಕ್ರಮೇಣ ಮಡ್ಡಿ ಕೂರುತ್ತದೆ. ಸೀಸೆಯಲ್ಲಿಯೇ ಅದು ಇನ್ನೂ ಹಲವು ವರ್ಷ ಬದಲಾಗುತ್ತ ಹೋಗಬಲ್ಲದು.

ಇವೆರಡನ್ನೂ ಒಂದೇ ಹೆಸರಿನಲ್ಲಿ ಮಾರುವುದು ಕೊಳ್ಳುವವರಿಗೆ ಗೊಂದಲ ತರುತ್ತದೆ. ಮೊದಲನೆಯದು ಮುಗಿದ ವಸ್ತು. ಎರಡನೆಯದು ಇನ್ನೂ ನಡೆಯುತ್ತಿರುವ ರಾಸಾಯನಿಕ ಕ್ರಿಯೆ. ಮಡ್ಡಿಯನ್ನು ದೋಷವೆಂದು ಎಣಿಸುವುದು ತಪ್ಪು. ಹಾಗೆಯೇ ಮಡ್ಡಿ ಇದ್ದ ಮಾತ್ರಕ್ಕೆ ಶ್ರೇಷ್ಠವೆನ್ನುವುದೂ ತಪ್ಪು. ಸೋಸದ ವೈನಿಗೆ ಹೆಚ್ಚು ಅಂಕ ಕೊಡುವವರು ಅದನ್ನು ಮಡ್ಡಿ ನೋಡಿ ಕೊಟ್ಟರೊ, ರುಚಿ ನೋಡಿ ಕೊಟ್ಟರೊ ಎಂದು ಕೇಳಲೇಬೇಕು.

ಒಗರು, ಸಿಹಿ, ಉರಿ

ಪೋರ್ಟ್ ವೈನಿನ ಸಮತೋಲನ ಮೂರು ಸಂವೇದನೆಗಳ ಮೇಲೆ ನಿಂತಿದೆ. ಲೀಟರಿಗೆ ಸುಮಾರು 100 ಗ್ರಾಂ ಇರುವ ಸಕ್ಕರೆಯಿಂದ ಸಿಹಿ. ದ್ರಾಕ್ಷಿಸಿಪ್ಪೆಯ ಟ್ಯಾನಿನ್‌ನಿಂದ ಒಗರು. ಆಲ್ಕೊಹಾಲ್‌ನಿಂದ ಉರಿ. ಮೆಣಸಿನಕಾಯಿಯ ಖಾರಕ್ಕೆ ಸ್ಪಂದಿಸುವ ಗ್ರಾಹಕವನ್ನೇ ಆಲ್ಕೊಹಾಲೂ ಕೆರಳಿಸುತ್ತದೆ.

ಒಗರಿನ ವಿಷಯದಲ್ಲಿ ಕನ್ನಡಿಗರಾದ ನಮಗೆ ಒಂದು ಅನುಕೂಲವಿದೆ. ನಾವು ಷಡ್ರಸಗಳಲ್ಲಿ ಕಹಿ, ಒಗರುಗಳನ್ನು ಬೇರೆ ಬೇರೆಯಾಗಿಯೇ ಎಣಿಸುತ್ತೇವೆ. ಹಾಗಲಕಾಯಿ ಕಹಿ, ಬಾಳೆಕಾಯಿ ಒಗರು ಎಂದು ಮಕ್ಕಳಿಗೂ ಗೊತ್ತು. ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿಯ ನುಣುಪನ್ನು ಕಳೆಯುತ್ತದೆ. ಬಾಯಿ ಒಣಗಿ ಹಿಡಿದುಕೊಂಡಂತೆ ಆಗುತ್ತದೆ. ಇಂದಿನ ಶರೀರವಿಜ್ಞಾನ ಒಗರನ್ನು ಬಹುಮಟ್ಟಿಗೆ ಸ್ಪರ್ಶದ ಅನುಭವವೆಂದೇ ಪರಿಗಣಿಸುತ್ತದೆ. ಒಳ್ಳೆಯ ಎಲ್‌ಬಿವಿಯಲ್ಲಿ ಸಿಹಿಯ ಬೆನ್ನಿಗೇ ಈ ಒಗರು ಬಂದು ಬಾಯಿಯನ್ನು ತಿಳಿಗೊಳಿಸಬೇಕು. ಒಗರು ಇಲ್ಲದಿದ್ದರೆ ಉಳಿಯುವುದು ಮತ್ತೇರಿಸುವ ಸಕ್ಕರೆ ಪಾಕ. ಉಷ್ಣತೆಯೂ ಮುಖ್ಯ: 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಲ್ಕೊಹಾಲ್‌ನ ಆವಿಯೇ ಮೂಗನ್ನು ತುಂಬುತ್ತದೆ. 16ರಿಂದ 18 ಡಿಗ್ರಿಯಲ್ಲಿ ಹಣ್ಣಿನ ವಾಸನೆಗೆ ಅವಕಾಶ ಸಿಗುತ್ತದೆ.

ನಿರ್ಣಾಯಕರನ್ನೇ ಪರೀಕ್ಷಿಸಿದಾಗ

ಇಷ್ಟು ತಿಳಿದ ಮೇಲೂ ನಾಲಗೆ ಮೋಸಹೋಗಬಲ್ಲದು. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಫ್ರಾನ್ಸಿನ ಬೋರ್ಡೊ ವಿಶ್ವವಿದ್ಯಾಲಯದ 54 ವೈನ್‌ವಿಜ್ಞಾನ ವಿದ್ಯಾರ್ಥಿಗಳಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ಕೊಡಲಾಯಿತು. ಅವರು ಅದರ ವಾಸನೆಯನ್ನು ಕೆಂಪು ವೈನಿಗೆ ಬಳಸುವ ಪದಗಳಿಂದಲೇ ವರ್ಣಿಸಿದರು. ‘ತಜ್ಞರಿಗೆ ಕೆಂಪು, ಬಿಳಿ ವೈನ್‌ಗಳ ವ್ಯತ್ಯಾಸವೇ ತಿಳಿಯದು’ ಎಂದು ಇದನ್ನು ಹಲವರು ಉಲ್ಲೇಖಿಸುತ್ತಾರೆ. ಪ್ರಯೋಗ ಅಷ್ಟನ್ನು ಹೇಳುವುದಿಲ್ಲ. ಅವರಿನ್ನೂ ವಿದ್ಯಾರ್ಥಿಗಳು, ಕೇಳಿದ್ದು ವಾಸನೆಯ ವರ್ಣನೆಯನ್ನು. ಕಣ್ಣು ಮೂಗಿಗೆ ಮಾತು ಹೇಳಿಕೊಡುತ್ತದೆ ಎಂಬುದಷ್ಟೇ ಅದರಿಂದ ಸಿದ್ಧವಾಗುತ್ತದೆ.

ಇನ್ನೂ ಗಂಭೀರವಾದದ್ದು ರಾಬರ್ಟ್ ಹಾಜ್‌ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನ. ಕ್ಯಾಲಿಫೋರ್ನಿಯದ ವೈನ್ ಸ್ಪರ್ಧೆಯೊಂದರಲ್ಲಿ ನಿರ್ಣಾಯಕರಿಗೆ ತಿಳಿಯದಂತೆ ಒಂದೇ ಸೀಸೆಯ ವೈನನ್ನು ಮೂರು ಸಲ ಇಡಲಾಯಿತು. ಮೂರು ಸಲವೂ ಒಂದೇ ಪದಕದ ದರ್ಜೆಯೊಳಗೆ ಅಂಕ ಕೊಟ್ಟವರು ನೂರಕ್ಕೆ ಸುಮಾರು ಹತ್ತು ಮಂದಿ ಮಾತ್ರ. ಒಂದೇ ಕಲ್ಲನ್ನು ತೂಗಿದಾಗಲೆಲ್ಲ ಬೇರೆ ತೂಕ ತೋರಿಸುವ ತಕ್ಕಡಿಯನ್ನು ನೀವು ಪ್ರಯೋಗಾಲಯದಲ್ಲಿ ಇಟ್ಟುಕೊಳ್ಳುವಿರಾ?

ಹಾಗೆಂದು ತಕ್ಕಡಿಯನ್ನೇ ಎಸೆಯಬೇಕಿಲ್ಲ, ಸರಿಪಡಿಸಬಹುದು. ಇದಕ್ಕೆ ‘ತ್ರಿಕೋನ ಪರೀಕ್ಷೆ’ ಎಂಬ ಸರಳ ವಿಧಾನವಿದೆ. ಮೂರು ಲೋಟಗಳಲ್ಲಿ ಎರಡರಲ್ಲಿ ಒಂದೇ ಮಾದರಿ, ಒಂದರಲ್ಲಿ ಬೇರೆ ಮಾದರಿ. ಬೇರೆಯದನ್ನು ಗುರುತಿಸಬೇಕು. ಸುಮ್ಮನೆ ಊಹಿಸಿದರೂ ಸರಿಯಾಗುವ ಸಂಭವನೀಯತೆ ಮೂರರಲ್ಲಿ ಒಂದು. ಆದರೆ ಕೇವಲ ಊಹೆಯಿಂದ 12 ಸಲದಲ್ಲಿ 8 ಅಥವಾ ಹೆಚ್ಚು ಸಲ ಸರಿಯಾಗಿ ಹೇಳುವ ಸಂಭವ ಶೇಕಡ 2ಕ್ಕಿಂತ ಕಡಿಮೆ. ಸೋಸಿದ, ಸೋಸದ ಎಲ್‌ಬಿವಿಗಳ ಅಂತರವನ್ನು ಈ ಪರೀಕ್ಷೆಯಲ್ಲಿ ಗುರುತಿಸಬಲ್ಲವರಿಗೆ ಮಾತ್ರ ಯಾವುದು ಮೇಲೆಂದು ಹೇಳುವ ಅಧಿಕಾರ ಬರುತ್ತದೆ.

ಈ ವಿಧಾನ ಕಲಿಯಲು ವೈನ್ ಬೇಕಾಗಿಲ್ಲ. ಮದ್ಯಪಾನಕ್ಕೆ ನಿರಪಾಯಕರ ಮಿತಿ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ವೃತ್ತಿಪರ ರುಚಿಪರೀಕ್ಷಕರೂ ನುಂಗದೆ ಉಗುಳುತ್ತಾರೆ. ಶಿಕ್ಷಕರು ತರಗತಿಯಲ್ಲಿ ನಿಂಬೆ ಪಾನಕ ಬಳಸಬಹುದು. ಲೀಟರಿಗೆ 80 ಗ್ರಾಂ ಮತ್ತು 100 ಗ್ರಾಂ ಸಕ್ಕರೆ ಹಾಕಿದ ಎರಡು ಪಾನಕಗಳನ್ನು ತ್ರಿಕೋನ ಪರೀಕ್ಷೆಗೆ ಒಡ್ಡಿ ನೋಡಿ. ‘ನನಗೆ ಖಂಡಿತ ಗೊತ್ತಾಗುತ್ತದೆ’ ಎಂದವರಲ್ಲಿ ಎಷ್ಟು ಮಂದಿಗೆ ನಿಜವಾಗಿ ಗೊತ್ತಾಗುತ್ತದೆ ಎಂದು ಎಣಿಸಿ.

ಪೋರ್ಟ್ ವೈನಿನ ವಿಮರ್ಶೆಗಳಲ್ಲಿ ಹಣ್ಣು, ಹೂವು, ಚಾಕೊಲೇಟುಗಳ ಉದ್ದ ಪಟ್ಟಿ ಇರುತ್ತದೆ. ಕೊನೆಗೆ ನೂರಕ್ಕೆ ಇಷ್ಟು ಎಂಬ ಅಂಕ. ಆ ಪಟ್ಟಿಗಿಂತ ಬಣ್ಣ, ಒಗರು, ಸಿಹಿ, ಉರಿಗಳ ನಾಲ್ಕು ಸರಳ ಮಾತುಗಳು ಹೆಚ್ಚು ಬೆಲೆಯವು. ಏಕೆಂದರೆ ಇನ್ನೊಬ್ಬರು ಅವನ್ನು ಪರೀಕ್ಷಿಸಬಹುದು. 92 ಅಂಕ ಎಂದು ಬರೆದವರನ್ನು ನೀವು ಕೇಳಬೇಕಾದ ಪ್ರಶ್ನೆ ಒಂದೇ: ಅದೇ ಸೀಸೆಯನ್ನು ಹೆಸರು ಮರೆಸಿ ನಾಳೆ ಕೊಟ್ಟರೆ ಎಷ್ಟು ಕೊಡುತ್ತೀರಿ?