ಸಹಪಾಠಿಯ ಕೈಯ ತಕ್ಕಡಿ
ಗುಂಪುಕಾರ್ಯದ ಅಂಕಗಳು ಮತ್ತು ಸತ್ಯಾಣುವ್ರತ: ಒಂದು ವಿಮರ್ಶೆ

ಸತ್ಯಾಣುವ್ರತದ ಪರೀಕ್ಷೆ ಶ್ರಾವಕನಿಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಅಥವಾ ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲಿ ನಡೆಯುತ್ತದೆಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಇಂದು ಆ ಪರೀಕ್ಷೆ ಕಾಲೇಜಿನಲ್ಲಿ ಓದುವ ಮಕ್ಕಳ ಕೈಗೆ ಒಂದು ಹಾಳೆಯ ರೂಪದಲ್ಲಿ ಬಂದಿದೆ. ನಾಲ್ವರು ಸೇರಿ ಒಂದು ಯೋಜನಾಕಾರ್ಯ ಮಾಡುತ್ತಾರೆ. ಕೊನೆಯಲ್ಲಿ ಅಧ್ಯಾಪಕರು ಪ್ರತಿಯೊಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ಜೊತೆಗಾರರಲ್ಲಿ ಯಾರು ಎಷ್ಟು ಶ್ರಮಿಸಿದರೆಂದು ಗೌಪ್ಯವಾಗಿ ಬರೆಯಲು ಹೇಳುತ್ತಾರೆ. ಆ ಬರಹದಿಂದ ಅಂಕಗಳು ಏರುತ್ತವೆ ಅಥವಾ ಇಳಿಯುತ್ತವೆ. ಇದಕ್ಕೆ ಸಹಪಾಠಿ ಮೌಲ್ಯಮಾಪನವೆಂದು ಹೆಸರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಾಲಾ ಮಕ್ಕಳ ಸಮಗ್ರ ಪ್ರಗತಿ ಪತ್ರದಲ್ಲಿ ಅಧ್ಯಾಪಕರ ಮೌಲ್ಯಮಾಪನದೊಂದಿಗೆ ಸ್ವಮೌಲ್ಯಮಾಪನ ಮತ್ತು ಸಹಪಾಠಿ ಮೌಲ್ಯಮಾಪನಗಳಿಗೆ ಸ್ಥಾನವಿರಬೇಕೆಂದು ಹೇಳಿದೆ. ಹೀಗಿರುವಾಗ ಈ ಪದ್ಧತಿಯ ಗುಣದೋಷಗಳನ್ನು ಧರ್ಮದೃಷ್ಟಿಯಿಂದ ಪರಿಶೀಲಿಸುವುದು ಉಚಿತವಾಗಿದೆ.

ಮೊದಲು ಇದರ ಅಗತ್ಯವನ್ನು ಒಪ್ಪಿಕೊಳ್ಳಬೇಕು. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಜನರಿಂದ ಹಗ್ಗ ಎಳೆಸಿ ಮಾಡಿದ ಪ್ರಯೋಗಗಳನ್ನು 1913ರಲ್ಲಿ ಪ್ರಕಟಿಸಿದನು. ಎಂಟು ಜನ ಕೂಡಿ ಎಳೆದಾಗ ಪ್ರತಿಯೊಬ್ಬನ ಪಾಲಿನ ಬಲ, ಅವನು ಒಬ್ಬನೇ ಎಳೆದಾಗಿನ ಬಲದ ಸುಮಾರು ಅರ್ಧಕ್ಕೆ ಇಳಿದಿತ್ತು. 1979ರಲ್ಲಿ ಅಮೆರಿಕದ ಲಟಾನೆ, ವಿಲಿಯಮ್ಸ್ ಮತ್ತು ಹಾರ್ಕಿನ್ಸ್ ಎಂಬ ಮನೋವಿಜ್ಞಾನಿಗಳು ಚಪ್ಪಾಳೆ ಮತ್ತು ಕೂಗಿನ ಪ್ರಯೋಗಗಳಿಂದ ಇದೇ ಪ್ರವೃತ್ತಿಯನ್ನು ತೋರಿಸಿದರು. ತನ್ನ ಪಾಲು ಪ್ರತ್ಯೇಕವಾಗಿ ಗುರುತಿಸಲ್ಪಡುತ್ತದೆಯೆಂದು ತಿಳಿದಾಗ ಈ ಆಲಸ್ಯ ಕುಗ್ಗುತ್ತದೆಯೆಂದು ಮುಂದಿನ ಪ್ರಯೋಗಗಳಿಂದ ಕಂಡುಬಂದಿತು. ಜೈನಾಚಾರ್ಯರು ಬಂಧದ ಕಾರಣಗಳಲ್ಲಿ ಪ್ರಮಾದವನ್ನೂ ಒಂದಾಗಿ ಎಣಿಸಿದ್ದಾರೆ. ಗುಂಪಿನ ಮರೆಯಲ್ಲಿ ಪ್ರಮಾದ ಸುಲಭವಾಗಿ ಬೆಳೆಯುತ್ತದೆ. ಎಲ್ಲರಿಗೂ ಸಮಾನ ಅಂಕ ಕೊಡುವ ಹಳೆಯ ರೂಢಿ ಸಮತೆಯಂತೆ ಕಂಡರೂ, ರಾತ್ರಿಯಿಡೀ ಕುಳಿತು ವರದಿ ಬರೆದವನ ಫಲದಲ್ಲಿ ಮುಖ ತೋರಿಸದವನಿಗೆ ಪಾಲು ಕೊಟ್ಟಂತಾಗುತ್ತದೆ.

ಈ ಅನ್ಯಾಯಕ್ಕೆ ಹುಡುಕಿದ ಪರಿಹಾರಗಳಲ್ಲಿ ಹೆಚ್ಚು ಚರ್ಚಿತವಾದುದು ಆಸ್ಟ್ರೇಲಿಯಾದ ರಾಬರ್ಟ್ ಬ್ರೌನ್ 1995ರಲ್ಲಿ ಮಂಡಿಸಿದ ಪದ್ಧತಿ. ಅಮೆರಿಕದ ಕೌಫ್‌ಮನ್, ಫೆಲ್ಡರ್ ಮತ್ತು ಫುಲ್ಲರ್ ಅದನ್ನು ಎಂಜಿನಿಯರಿಂಗ್ ತರಗತಿಗಳಲ್ಲಿ ಬಳಸಿ 2000ದಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ವಿದ್ಯಾರ್ಥಿ ಅಂಕಿ ಬರೆಯುವುದಿಲ್ಲ. ‘ಅತ್ಯುತ್ತಮ’ದಿಂದ ‘ಕಾಣಿಸಿಕೊಳ್ಳಲೇ ಇಲ್ಲ’ ಎಂಬುದರವರೆಗಿನ ಒಂಬತ್ತು ಪದಗಳಲ್ಲಿ ಒಂದನ್ನು ಆರಿಸುತ್ತಾನೆ. ಅಧ್ಯಾಪಕರು ಅವುಗಳನ್ನು 100ರಿಂದ ಸೊನ್ನೆಯವರೆಗಿನ ಅಂಕಿಗಳಾಗಿ ಪರಿವರ್ತಿಸಿ, ಒಬ್ಬನ ಸರಾಸರಿಯನ್ನು ಗುಂಪಿನ ಸರಾಸರಿಯಿಂದ ಭಾಗಿಸುತ್ತಾರೆ. ಬಂದ ಗುಣಕದಿಂದ ಗುಂಪಿನ ಅಂಕವನ್ನು ಗುಣಿಸಿದರೆ ಅವನ ಅಂಕ ದೊರೆಯುತ್ತದೆ. ಗುಣಕ 1.05ನ್ನು ಮೀರಬಾರದೆಂಬ ಮಿತಿಯೂ ಇದೆ.

ಉದಾಹರಣೆಗೆ ಮೂವರಿಗೆ ತಲಾ 87.5, ನಾಲ್ಕನೆಯವನಿಗೆ 37.5 ಸರಾಸರಿ ಬಂದಿತೆನ್ನೋಣ. ಗುಂಪಿನ ಸರಾಸರಿ 75. ಮೂವರ ಗುಣಕ ಸುಮಾರು 1.17 ಆದರೂ ಮಿತಿಯ ಕಾರಣ 1.05ಕ್ಕೆ ನಿಲ್ಲುತ್ತದೆ, ನಾಲ್ಕನೆಯವನದು 0.5. ಗುಂಪಿನ ಅಂಕ 80 ಆಗಿದ್ದರೆ ಮೂವರಿಗೆ 84, ಅವನಿಗೆ 40. ಅವನು ನಿಜವಾಗಿ ಕೆಲಸಗಳ್ಳನಾಗಿದ್ದರೆ ಇದು ನ್ಯಾಯವೇ ಸರಿ. ಹಳ್ಳಿಯಿಂದ ಬಂದ, ಮಾತು ಕಡಿಮೆಯಾದ, ಉಳಿದ ಮೂವರ ಸ್ನೇಹಕೂಟದಿಂದ ಹೊರಗಿದ್ದ ಹುಡುಗನಾಗಿದ್ದರೆ? ಸೂತ್ರಕ್ಕೆ ಈ ಎರಡು ಸಂದರ್ಭಗಳ ವ್ಯತ್ಯಾಸ ತಿಳಿಯದು. ಅದೇ ರೀತಿ ನಾಲ್ವರೂ ಮೊದಲೇ ಒಪ್ಪಂದ ಮಾಡಿಕೊಂಡು ಪರಸ್ಪರ ಒಂದೇ ಪದ ಬರೆದರೆ ಎಲ್ಲರ ಗುಣಕವೂ 1 ಆಗುತ್ತದೆ. ಹಳೆಯ ಸಮಾನ ಅಂಕವೇ ಮರಳಿ ಬರುತ್ತದೆ. ಅಂದಮೇಲೆ ಈ ಯಂತ್ರದ ಪ್ರಾಣ ಗಣಿತದಲ್ಲಿಲ್ಲ, ಬರೆಯುವವನ ಸತ್ಯನಿಷ್ಠೆಯಲ್ಲಿದೆ.

ಆದರೂ ಈ ಪದ್ಧತಿಯಲ್ಲಿ ಒಂದು ಪ್ರಶಂಸನೀಯ ವಿವೇಕವಿದೆ. ಸಹಪಾಠಿಗಳು ಅಳೆಯಬೇಕಾದುದು ಭಾಗವಹಿಸುವಿಕೆ, ಪ್ರಯತ್ನ ಮತ್ತು ಹೊಣೆಗಾರಿಕೆಗಳನ್ನು ಮಾತ್ರ, ಬುದ್ಧಿಶಕ್ತಿಯನ್ನಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಸೂಚಿಸಲಾಗಿದೆ. ಜ್ಞಾನಾವರಣೀಯ ಕರ್ಮದ ಕ್ಷಯೋಪಶಮ ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದಲ್ಲಿರುತ್ತದೆ. ಅದನ್ನು ಕುರಿತು ಜೊತೆಗಾರನು ತೀರ್ಪು ಕೊಡುವುದು ಸಲ್ಲದು. ಆದರೆ ಹೇಳಿದ ಹೊತ್ತಿಗೆ ಬಂದನೇ, ಒಪ್ಪಿಕೊಂಡ ಭಾಗವನ್ನು ಮುಗಿಸಿದನೇ, ಇತರರ ಮಾತಿಗೆ ಕಿವಿಗೊಟ್ಟನೇ ಎಂಬುದನ್ನು ಅಧ್ಯಾಪಕರಿಗಿಂತ ಜೊತೆಗಾರನೇ ಚೆನ್ನಾಗಿ ಬಲ್ಲ. ಪದ್ಧತಿಯ ಬಲವಿರುವುದು ಇಲ್ಲಿ.

ಇನ್ನು ದೋಷಗಳ ವಿಚಾರ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಮೂರು ಈ ಹಾಳೆಗೆ ನೇರವಾಗಿ ಅನ್ವಯಿಸುತ್ತವೆ. ಸುಳ್ಳು ಬರಹ ಕೂಟಲೇಖಕ್ರಿಯೆ. ಏಕಾಂತದ ಸಂಗತಿಯನ್ನು ಬಯಲು ಮಾಡುವುದು ರಹೋಭ್ಯಾಖ್ಯಾನ. ಯಾರು ಏನು ಬರೆದರೆಂಬುದು ವಸತಿನಿಲಯದ ಊಟದ ಮನೆಯಲ್ಲಿ ಚರ್ಚೆಯಾದರೆ ಅದು ಈ ದೋಷದ ದಾರಿ ಹಿಡಿದಂತೆ. ಮೂರನೆಯದಾದ ನ್ಯಾಸಾಪಹಾರ ಅತ್ಯಂತ ಸೂಕ್ಷ್ಮವಾದುದು. ಅಡವಿಟ್ಟವನು ತಾನಿಟ್ಟ ಹಣದ ಲೆಕ್ಕ ಮರೆತು ಕಡಿಮೆ ಕೇಳಿದಾಗ, ‘ಅಷ್ಟೇ ಇರಲಿ’ ಎಂದು ಅಷ್ಟನ್ನೇ ಕೊಡುವುದು ನ್ಯಾಸಾಪಹಾರ. ಸಂಕೋಚ ಸ್ವಭಾವದ ವಿದ್ಯಾರ್ಥಿನಿಯೊಬ್ಬಳು ತನ್ನ ಶ್ರಮಕ್ಕೆ ತಾನೇ ‘ಸಾಧಾರಣ’ ಎಂದು ಬರೆದುಕೊಂಡಾಗ, ನಿಜ ಬಲ್ಲ ಜೊತೆಗಾರರು ‘ಅವಳೇ ಹಾಗೆ ಬರೆದಳಲ್ಲ’ ಎಂದು ಸುಮ್ಮನಾದರೆ ಅದೂ ಅಡವು ನುಂಗಿದ ಹಾಗೆಯೇ. ಅದೇ ಗ್ರಂಥದ ಆರನೆಯ ಅಧ್ಯಾಯದಲ್ಲಿ ಪರನಿಂದೆ, ಆತ್ಮಪ್ರಶಂಸೆ, ಇತರರಲ್ಲಿರುವ ಗುಣವನ್ನು ಮುಚ್ಚುವುದು, ತನ್ನಲ್ಲಿಲ್ಲದ ಗುಣವನ್ನು ಮೆರೆಸುವುದು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದಿದೆ. ಮೌಲ್ಯಮಾಪನದ ಹಾಳೆಯಲ್ಲಿ ಈ ನಾಲ್ಕಕ್ಕೂ ಜಾಗವಿದೆ.

ಇಲ್ಲಿ ಜೈನ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಒಂದು ನಿಜವಾದ ಧರ್ಮಸಂಕಟ ಎದುರಾಗುತ್ತದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಪರರ ದೋಷವನ್ನು ಮುಚ್ಚಬೇಕೆಂದು ಮನೆಯ ಹಿರಿಯರು ಕಲಿಸಿರುವಾಗ, ಗೆಳೆಯ ಕೆಲಸ ಮಾಡಲಿಲ್ಲವೆಂದು ಬರೆಯುವುದು ಹೇಗೆ? ಈ ಸಂಕೋಚದಿಂದಲೇ ಎಷ್ಟೋ ಮಕ್ಕಳು ಎಲ್ಲರಿಗೂ ‘ಅತ್ಯುತ್ತಮ’ ಎಂದು ಬರೆದು ಕೈತೊಳೆದುಕೊಳ್ಳಬಹುದು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಅಂಗಕ್ಕೆ ಹೆಸರಿಸಿದ ಜಿನೇಂದ್ರಭಕ್ತನ ಕಥೆಯನ್ನು ಪೂರ್ಣವಾಗಿ ನೆನೆಯಬೇಕು. ಮುಳುಗುಂದದ ನಯಸೇನನು ಧರ್ಮಾಮೃತದಲ್ಲಿ ಈ ಎಂಟು ಅಂಗಗಳ ಕಥೆಗಳನ್ನು ಕನ್ನಡಿಗರಿಗೆ ಹೇಳಿದ್ದಾನೆ. ವ್ರತಿಯ ವೇಷದಲ್ಲಿ ಬಂದ ಕಳ್ಳನು ಜಿನಬಿಂಬದ ಛತ್ರದ ಮಣಿಯನ್ನು ಕದ್ದು ಓಡಿದನು. ಕಾವಲುಗಾರರು ಹಿಡಿದಾಗ ಶ್ರೇಷ್ಠಿಯು, ಅದನ್ನು ತಾನೇ ತರಿಸಿದ್ದೆಂದು ಹೇಳಿ ವ್ರತಿವೇಷಕ್ಕೆ ಬರಬಹುದಾಗಿದ್ದ ಅಪವಾದವನ್ನು ತಪ್ಪಿಸಿದನು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಣಿ ಮರಳಿ ಬಂದಿತು. ಕಳ್ಳನನ್ನು ಏಕಾಂತದಲ್ಲಿ ಹೊರಗೆ ಕಳುಹಿಸಲಾಯಿತು. ಉಪಗೂಹನದಲ್ಲಿ ರಕ್ಷಿಸಲ್ಪಟ್ಟುದು ಧರ್ಮದ ಗೌರವ. ಕಳವಿನ ಫಲ ಕಳ್ಳನಿಗೆ ದಕ್ಕಲಿಲ್ಲ. ಗೆಳೆಯನಿಗೆ ಸುಳ್ಳು ಅಂಕ ಕೊಡಿಸಿದರೆ ಮಣಿ ಅವನ ಬಳಿಯೇ ಉಳಿಯುತ್ತದೆ, ಅದೂ ಮತ್ತೊಬ್ಬ ಜೊತೆಗಾರನ ಶ್ರಮದ ಮಣಿ. ತನ್ನದನ್ನು ಬಿಟ್ಟುಕೊಡುವುದು ಔದಾರ್ಯವಾದೀತು. ಮೂರನೆಯವನದನ್ನು ಬಿಟ್ಟುಕೊಡಲು ಯಾರಿಗೂ ಅಧಿಕಾರವಿಲ್ಲ. ಬೀದಿಯಲ್ಲಿ ದೂರುವುದಕ್ಕೂ, ಕೇಳಲು ಅರ್ಹರಾದವರ ಮುಂದೆ ಕೇಳಿದಷ್ಟನ್ನು ಗೌಪ್ಯವಾಗಿ ಹೇಳುವುದಕ್ಕೂ ಅಂತರವಿದೆ. ಮೊದಲನೆಯದು ನಿಂದೆ, ಎರಡನೆಯದು ಸಾಕ್ಷ್ಯ.

ಪದ್ಧತಿಯ ಬಹುದೊಡ್ಡ ಕೊರತೆ ಸಮಯಕ್ಕೆ ಸಂಬಂಧಿಸಿದುದು. ಅವಧಿಯ ಕೊನೆಯಲ್ಲಿ ಮಾತ್ರ ಹಾಳೆ ಹಂಚಿದರೆ ಅದು ದಂಡನೆಯ ಸಾಧನವಾಗುತ್ತದೆ. ಉಪಗೂಹನದ ನಂತರದ ಅಂಗ ಸ್ಥಿತಿಕರಣ, ಜಾರಿದವನನ್ನು ಮತ್ತೆ ನೆಲೆಗೆ ತರುವುದು. ಮನಸ್ಸು ಸಂಸಾರದತ್ತ ಹೊರಳಿದ ಸಹಮುನಿಯನ್ನು ವಾರಿಷೇಣನು ಕೈಬಿಡಲಿಲ್ಲ, ಹಿಂದಕ್ಕೆ ಕರೆತಂದನು. ಕಾರ್ಯದ ನಡುವಿನಲ್ಲೇ ಒಮ್ಮೆ ಅಂಕವಿಲ್ಲದ ಮೌಲ್ಯಮಾಪನ ನಡೆಸಿ, ಹಿಂದುಳಿದವನನ್ನು ಅಧ್ಯಾಪಕರು ಪ್ರತ್ಯೇಕವಾಗಿ ಕರೆದು ಕಾರಣ ಕೇಳಿದರೆ, ಅವನ ಮನೆಯ ಕಷ್ಟವೋ ಅನಾರೋಗ್ಯವೋ ತಿಳಿದುಬರಬಹುದು. ಬರೀ ಆಲಸ್ಯವಾಗಿದ್ದರೆ ತಿದ್ದಿಕೊಳ್ಳಲು ಸಮಯ ಉಳಿದಿರುತ್ತದೆ.

ಎರಡನೆಯ ಕೊರತೆ ಏಕಾಂತದೃಷ್ಟಿ. ಪ್ರತಿ ಜೊತೆಗಾರನೂ ಒಂದು ನಯದಿಂದ ಮಾತ್ರ ನೋಡಿರುತ್ತಾನೆ. ಪ್ರಯೋಗಾಲಯದಲ್ಲಿ ಕಂಡವನಿಗೆ ಗ್ರಂಥಾಲಯದ ಶ್ರಮ ಕಂಡಿರುವುದಿಲ್ಲ. ಆನೆಯನ್ನು ಮುಟ್ಟಿ ನೋಡಿದ ಕುರುಡರ ಮಾತುಗಳ ಸರಾಸರಿಯಿಂದ ಆನೆ ದೊರೆಯದು. ಯಾರು ಯಾವ ಭಾಗವನ್ನು ಮುಟ್ಟಿದರೆಂದು ತಿಳಿದಾಗ ಮಾತ್ರ ದೊರೆಯುತ್ತದೆ. ಆದುದರಿಂದ ಪ್ರತಿ ಪದದ ಜೊತೆಗೆ ಒಂದು ಕಾರಣವನ್ನು, ಕಂಡ ಒಂದು ಸಂಗತಿಯನ್ನು ಬರೆಸಬೇಕು. ಕೆಲಸದ ದಿನಚರಿಯನ್ನು ಅದರೊಡನೆ ಹೋಲಿಸಬೇಕು. ಒಬ್ಬನ ಅಂಕ ಬಹಳ ಇಳಿಯುವಂತಿದ್ದರೆ ಅವನ ಮಾತನ್ನೂ ಕೇಳಬೇಕು. ಸೂತ್ರವನ್ನು ಮುಂದಿಟ್ಟು ಅಧ್ಯಾಪಕರು ತೀರ್ಪಿನ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ.

ಸ್ವಮೌಲ್ಯಮಾಪನಕ್ಕೆ ಆಲೋಚನೆಯ ಪರಂಪರೆಯೇ ದೀಪವಾಗಬಲ್ಲದು. ಗುರುವಿನ ಮುಂದೆ ತನ್ನ ದೋಷವನ್ನು ನಿವೇದಿಸುವಾಗ ಆಗಬಹುದಾದ ಹತ್ತು ತಪ್ಪುಗಳನ್ನು ಆಚಾರ್ಯರು ಗುರುತಿಸಿದ್ದಾರೆ. ಗುರುವಿನ ಅನುಕಂಪ ಗಳಿಸಿಕೊಂಡು ಹಗುರ ಪ್ರಾಯಶ್ಚಿತ್ತ ಬಯಸುವುದು ಒಂದು. ಇತರರು ಕಂಡ ದೋಷಗಳನ್ನಷ್ಟೇ ಒಪ್ಪಿಕೊಳ್ಳುವುದು ಇನ್ನೊಂದು. ಸ್ವಮೌಲ್ಯಮಾಪನದ ಹಾಳೆ ತುಂಬುವ ಮೊದಲು ಮಕ್ಕಳಿಗೆ ಈ ಎರಡನ್ನು ತಿಳಿಸಿದರೂ ಸಾಕು.

ಬಸದಿಗಳ ಟ್ರಸ್ಟ್‌ಗಳಿಗೂ ಇದರಲ್ಲಿ ಪಾಲಿದೆ. ಅಂಕಪಟ್ಟಿಯನ್ನು ನೋಡಿ ವಿದ್ಯಾರ್ಥಿವೇತನ ಕೊಡುವ ಸಂಸ್ಥೆಗಳು, ಆ ಅಂಕದಲ್ಲಿ ಪರರ ಶ್ರಮ ಬೆರೆತಿರಬಹುದೆಂಬುದನ್ನು ಮರೆಯಬಾರದು. ದಾನಕ್ಕೆ ಪಾತ್ರವಿಚಾರ ಮುಖ್ಯವೆಂದ ಮೇಲೆ, ಪಾತ್ರತೆಯನ್ನು ತೋರಿಸುವ ಪತ್ರವೂ ಶುದ್ಧವಾಗಿರಬೇಕು. ಶಾಲೆ, ಕಾಲೇಜು, ವಸತಿನಿಲಯಗಳನ್ನು ನಡೆಸುವ ಟ್ರಸ್ಟ್‌ಗಳಂತೂ ಈ ಪದ್ಧತಿಯನ್ನು ತಿದ್ದಿ ಬಳಸುವ ಅವಕಾಶವುಳ್ಳವು.

ಒಟ್ಟಿನಲ್ಲಿ ಸಹಪಾಠಿ ಮೌಲ್ಯಮಾಪನ ತ್ಯಾಜ್ಯವಾದುದಲ್ಲ. ಸಮಾನ ಅಂಕದ ಅನ್ಯಾಯಕ್ಕಿಂತ ಅದು ಮೇಲು. ಆದರೆ ತಕ್ಕಡಿ ಕೊಡುವ ಮೊದಲು ಹಿಡಿಯುವುದನ್ನು ಕಲಿಸಬೇಕು. ಸುಳ್ಳು ತೂಕ, ಸುಳ್ಳು ಅಳತೆಗಳನ್ನು ಅಚೌರ್ಯಾಣುವ್ರತದ ಅತಿಚಾರವೆಂದು ಶಾಸ್ತ್ರ ಹೇಳುತ್ತದೆ. ಆ ಮಾತನ್ನು ಅಂಗಡಿಯ ಮಕ್ಕಳಿಗೆ ಅವರ ತಂದೆ ಕಲಿಸಿದಂತೆಯೇ, ಹಾಳೆಯ ಮುಂದೆ ಕುಳಿತ ಮಕ್ಕಳಿಗೂ ಮನೆಯಲ್ಲಿ ಯಾರಾದರೂ ಕಲಿಸಬೇಕಾಗಿದೆ.